ಡ್ರೈವಿಂಗ್ ಮೇಡಂ ವೇದಿಕೆ ಹತ್ತಿದ್ದು, ಇಳಿದದ್ದು

ಮೊದಲ ಸಲ ಮೈಕಿನ ಮುಂದೆ ನಿಂತಾಗ ಮಹಾಶ್ವೇತಾ ಹಿರೇಮಠಳಿಗೆ ಸಿಕ್ಕಿದ್ದು ಬರೀ ಮೂರು ನಿಮಿಷ. ಎದುರು ಗೋಡೆಯ ಮೇಲೆ ಕೆಂಪು ಅಂಕಿಗಳ ಗಡಿಯಾರವೊಂದು ನೂರ ಎಂಬತ್ತರಿಂದ ಹಿಂದಕ್ಕೆ ಎಣಿಸಲು ಶುರು ಮಾಡಿತ್ತು.

ಅದು 2019ರ ಆಗಸ್ಟ್. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ರೈಲು ಮುಗಿದ ಮೇಲೆ ಬಸ್ಸು ಹತ್ತಿ ಹೋಗಬೇಕಾದ ಒಂದು ಸಬರ್ಬಿನಲ್ಲಿ, ಅಲ್ಲಿನ ನಗರಸಭೆಯಾದ ಕೌನ್ಸಿಲಿನ ಸಭೆ ನಡೆದಿತ್ತು. ಸಮುದಾಯ ಭವನಗಳ ಒಳಗೆ ಇನ್ನು ಮುಂದೆ ದೀಪ, ಊದುಬತ್ತಿ, ಕರ್ಪೂರ ಯಾವುದನ್ನೂ ಹಚ್ಚಬಾರದು ಎಂಬ ಹೊಸ ನಿಯಮದ ಕರಡು ಚರ್ಚೆಗೆ ಬಂದಿತ್ತು. ಹೊಗೆಗೆ ಅಲಾರ್ಮ್ ಹೊಡೆದುಕೊಳ್ಳುತ್ತದೆ, ಪ್ರತಿ ಸಲ ಫೈರ್ ಎಂಜಿನ್ ಓಡಿ ಬರುತ್ತದೆ ಎಂದು ಅಧಿಕಾರಿ ವಿವರಿಸಿದ. ದೀಪಾವಳಿಗೆ ಎರಡು ತಿಂಗಳು ಬಾಕಿ. ಕನ್ನಡದವರು, ತಮಿಳರು, ಗುಜರಾತಿಗಳು ಎಲ್ಲ ಸೇರಿ ಒಂದು ಅರ್ಜಿ ಬರೆದಿದ್ದರು. ಅದನ್ನು ಓದಲು ಯಾರೂ ಮುಂದೆ ಬಾರದೆ ಕೊನೆಗೆ ಮಹಾಶ್ವೇತಾಳ ಕೈಗೆ ತುರುಕಿದ್ದರು.

ಅವಳು ಕಾಗದ ನೋಡಿದಳು. ಉದ್ದುದ್ದ ಇಂಗ್ಲಿಷ್ ವಾಕ್ಯಗಳು. ಅದನ್ನು ಮಡಚಿ ಪಕ್ಕಕ್ಕಿಟ್ಟು ಕೇಳಿದಳು: "ಸಾರ್, ಹುಟ್ಟುಹಬ್ಬದ ಕೇಕಿನ ಮೇಲೆ ಮೇಣದಬತ್ತಿ ಹಚ್ಚಬಹುದಾ?"

"ಅದಕ್ಕೆ ವಿನಾಯಿತಿ ಇದೆ," ಎಂದ ಅಧಿಕಾರಿ.

"ಎಪ್ಪತ್ತು ವರ್ಷದವರ ಕೇಕ್ ಆದರೆ ಎಪ್ಪತ್ತು ಬತ್ತಿ. ನಮ್ಮ ದೇವರಿಗೆ ವಯಸ್ಸು ಲೆಕ್ಕವಿಲ್ಲದಷ್ಟು, ಆದರೆ ನಾವು ಹಚ್ಚುವುದು ಒಂದೇ ಒಂದು ಹಣತೆ. ಯಾವುದರ ಹೊಗೆ ಹೆಚ್ಚು?"

ಸಭೆ ಗೊಳ್ಳೆಂದು ನಕ್ಕಿತು. ಮೇಯರ್ ಕೂಡ ನಕ್ಕ. ಹಿಂದಿನ ಸಾಲುಗಳಿಂದ ಚಪ್ಪಾಳೆ ಶುರುವಾಗಿ ಅವಳ ಬೆನ್ನಿಗೆ ಬಿಸಿಗಾಳಿಯ ಹಾಗೆ ತಾಕಿತು. ಗಡಿಯಾರದಲ್ಲಿ ಇನ್ನೂ ತೊಂಬತ್ತು ಸೆಕೆಂಡು ಉಳಿದಿತ್ತು. ಅಷ್ಟನ್ನೂ ಅವಳು ಬಿಡದೆ ಬಳಸಿದಳು. ಆ ನಿಯಮವನ್ನು ಅಂದೇ ಕೈಬಿಟ್ಟರು. ಹೊರಗೆ ಬಂದಾಗ ಅವಳ ಕೆನ್ನೆ ಸುಡುತ್ತಿತ್ತು. ನಲವತ್ತನಾಲ್ಕು ವರ್ಷದ ಬದುಕಿನಲ್ಲಿ ಇಂಥದ್ದು ತನಗೆ ಆಗಿರಲಿಲ್ಲ ಎಂದು ಅನಿಸಿತು.

ಅವಳು ಹುಬ್ಬಳ್ಳಿಯವಳು. ಅಪ್ಪ ಗುರುಶಾಂತಪ್ಪ ಬಟ್ಟೆ ಅಂಗಡಿಯ ಗುಮಾಸ್ತ, ಕಟ್ಟಾ ಹಿಂದುತ್ವವಾದಿ. ಮಗಳ ಕೈಹಿಡಿದು ಮೆರವಣಿಗೆಗಳಿಗೆ ಕರೆದೊಯ್ಯುತ್ತಿದ್ದ, ಜನಜಂಗುಳಿಯಲ್ಲಿ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ. ಮದುವೆಯಾಗಿ ವಿರುಪಾಕ್ಷನ ಜೊತೆ ಮೆಲ್ಬರ್ನಿಗೆ ಬಂದ ಮೇಲೆ ಅದೆಲ್ಲ ಮರೆತೇ ಹೋದಂತಾಗಿತ್ತು. ಕಾಯಂ ನೆಲೆಸಲು ಪಿಆರ್ ಸಿಕ್ಕಿತು, ಪೌರತ್ವವೂ ಆಯಿತು, ಮನೆಯಾಯಿತು, ಪ್ರಣತಿ ಹುಟ್ಟಿದಳು. ಒಂದು ಸಂಜೆ ರೈಲಿನಲ್ಲಿ ಒಬ್ಬ ಕುಡುಕ ಅವಳ ಹಣೆಯ ಕುಂಕುಮಕ್ಕೆ ಬೆರಳು ಚಾಚಿ ಏನೋ ಅಂದು ನಕ್ಕ. ಬೋಗಿಯ ತುಂಬ ನಮ್ಮವರೇ ಇದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಆ ತಲೆಗಳ ಸಾಲನ್ನು ಅವಳು ಮರೆಯಲಿಲ್ಲ. ನಾವು ಹೆದರುಪುಕ್ಕಲರು, ಅದಕ್ಕೇ ಹೀಗೆ ಎಂಬ ಅಪ್ಪನ ಮಾತು ಅವಳ ಮಾತಾಯಿತು. ಮರುದಿನದಿಂದ ಕುಂಕುಮ ಇನ್ನೂ ದೊಡ್ಡದಾಯಿತು.

ಅವಳ ಕಸುಬು ಡ್ರೈವಿಂಗ್ ಕಲಿಸುವುದು. ಬಿಳಿ ಟೊಯೋಟಾ, ನೆತ್ತಿಯ ಮೇಲೆ ಹಳದಿ ಫಲಕ. ಊರಿನಿಂದ ಬಂದ ಸೊಸೆಯಂದಿರು, ಸ್ಟೀರಿಂಗ್ ಮುಟ್ಟಿದರೆ ಅಳುವ ಅತ್ತೆಯಂದಿರು, ನೈಟ್ ಶಿಫ್ಟಿನ ನರ್ಸುಗಳು, ಎಲ್ಲರಿಗೂ ಅವಳು "ಡ್ರೈವಿಂಗ್ ಮೇಡಂ". ಹತ್ತು ವರ್ಷದಲ್ಲಿ ಮುನ್ನೂರ ಹದಿನೆರಡು ಹೆಂಗಸರು ಅವಳ ಪಕ್ಕದಲ್ಲಿ ಕೂತು ಕಲಿತು ಲೈಸೆನ್ಸ್ ಪಡೆದಿದ್ದರು. ಅವರಲ್ಲಿ ಮೆಹರೂನ್ ನದಾಫ್ ಎಂದರೆ ಅವಳಿಗೆ ವಿಶೇಷ ಅಕ್ಕರೆ. ನವಲಗುಂದದ ಹುಡುಗಿ, ವೃದ್ಧಾಶ್ರಮದಲ್ಲಿ ನರ್ಸು, ಅಪ್ಪಟ ಧಾರವಾಡ ಕನ್ನಡ. ಮೂರು ಸಲ ಫೇಲಾಗಿ ನಾಲ್ಕನೆಯ ಸಲ ಪಾಸಾದಾಗ ಪಾರ್ಕಿಂಗಿನಲ್ಲೇ ಮೇಡಮ್ಮನ್ನು ತಬ್ಬಿಕೊಂಡು ಕುಣಿದಿದ್ದಳು.

ಆ ಕೌನ್ಸಿಲ್ ಸಭೆಯ ಚಪ್ಪಾಳೆ ಕೇಳಿಸಿಕೊಂಡವರಲ್ಲಿ ಮೋಹನದಾಸ ಒಬ್ಬ. ಉಡುಪಿ ಕಡೆಯ ದಂತವೈದ್ಯ, ಹಿಂದೂ ಫೋರಂ ಒಂದರ ಅಧ್ಯಕ್ಷ. ಮರುವಾರವೇ ಮನೆಗೆ ಬಂದ.

"ನಿಮ್ಮ ನಾಲಿಗೆಯಲ್ಲಿ ಶಕ್ತಿ ಉಂಟು ಮಾರಾಯ್ರೆ. ನಮ್ಮವರು ಇಲ್ಲಿ ಇಷ್ಟು ಸಾವಿರ ಜನ ಇದ್ದೇವೆ, ಕೌನ್ಸಿಲಲ್ಲಿ ಒಬ್ಬ ಇಲ್ಲ. ನೀವು ನಿಲ್ಲಬೇಕು."

"ನಾನಾ? ನನಗ ಕ್ಲಚ್ಚು ಬ್ರೇಕು ಬಿಟ್ರ ಏನ್ ಗೊತ್ರಿ?"

"ಅದೇ ಸಾಕು. ಉಳಿದದ್ದು ನಾವು ನೋಡಿಕೊಳ್ಳುವ."

ವಿರುಪಾಕ್ಷ ಚಹದ ಕಪ್ಪು ಕೆಳಗಿಟ್ಟು ಹೆಂಡತಿಯ ಮುಖ ನೋಡಿದ. ಅಲ್ಲಿ ಉತ್ತರ ಆಗಲೇ ಬರೆದಾಗಿತ್ತು.

ಚುನಾವಣೆ ಬಂದದ್ದು 2020ರ ಅಕ್ಟೋಬರಿನಲ್ಲಿ, ಲಾಕ್‌ಡೌನಿನ ನಟ್ಟನಡುವೆ. ಮನೆಮನೆಗೆ ಹೋಗುವಂತಿಲ್ಲ, ಸಭೆ ಮಾಡುವಂತಿಲ್ಲ, ಮತ ಹಾಕುವುದೂ ಅಂಚೆಯಲ್ಲಿ. ಬೇರೆ ಅಭ್ಯರ್ಥಿಗಳು ತಲೆ ಮೇಲೆ ಕೈ ಹೊತ್ತು ಕೂತರು. ಮಹಾಶ್ವೇತಾಳಿಗೆ ಮಾತ್ರ ಇದೇ ವರವಾಯಿತು. ಡ್ರೈವಿಂಗ್ ಕ್ಲಾಸುಗಳು ಬಂದ್ ಆಗಿದ್ದವು. ಅವಳು ಡ್ರೈವ್‌ವೇಯಲ್ಲಿ ನಿಂತಿದ್ದ ಕಾರಿನಲ್ಲೇ ಕೂತು, ಮಡಿಲಲ್ಲಿ ಹಳೆಯ ಬುಕಿಂಗ್ ಡೈರಿ ಇಟ್ಟುಕೊಂಡು, ಮುನ್ನೂರ ಹದಿನೆರಡು ಮಂದಿಗೂ ಫೋನ್ ಹಚ್ಚಿದಳು. ಒಬ್ಬೊಬ್ಬರೂ ಹತ್ತು ಮಂದಿಗೆ ಹೇಳಿದರು. ವಾಕಿಂಗಿಗೆ ಅಂತ ಸಿಕ್ಕ ಗಂಟೆಯಲ್ಲಿ ಮಾಸ್ಕು ಹಾಕಿಕೊಂಡು ಅವಳ ಕರಪತ್ರಗಳನ್ನು ಲೆಟರ್‌ಬಾಕ್ಸುಗಳಿಗೆ ಹಾಕಿ ಬಂದರು. ಮೆಹರೂನ್ ಎರಡು ಶಿಫ್ಟುಗಳ ನಡುವೆ ಮೂರು ಬೀದಿ ಮುಗಿಸಿ ಫೋನ್ ಮಾಡಿದಳು.

"ಮೇಡಂ, ಒಂದ್ ಮನಿ ನಾಯಿ ನಿಮ್ಮ ಫೋಟೋನ ಹರದ್ ತಿಂದು ಬಿಡ್ತ್ರಿ!"

"ತಿನ್ಲಿ ಬಿಡ, ಆ ನಾಯಿ ವೋಟೂ ನಂದ!"

ಎಣಿಕೆಯ ದಿನ ಇಡೀ ಮನೆ ಲ್ಯಾಪ್‌ಟಾಪಿನ ಸುತ್ತ. ಇದ್ದದ್ದು ಮೂರು ಸೀಟು; ಮೊದಲ ಸುತ್ತಿನಲ್ಲಿ ಅವಳದು ನಾಲ್ಕನೆಯ ಸ್ಥಾನ. ಸೋತು ಹೊರಬಿದ್ದವರ ಮತಗಳು, ಮತದಾರರು ಒಂದು, ಎರಡು, ಮೂರು ಎಂದು ಬರೆದ ಪ್ರಿಫರೆನ್ಸ್ ಪ್ರಕಾರ ಉಳಿದವರಿಗೆ ಹಂಚಿಕೆಯಾದಂತೆ ಮೂರನೆಯದು, ಮತ್ತೆ ನಾಲ್ಕನೆಯದು, ಮತ್ತೆ ಮೂರನೆಯದು. ಪ್ರಣತಿ ಕುರ್ಚಿಯ ಮೇಲೆ ಹತ್ತಿ ನಿಂತು ಓದಿ ಹೇಳುತ್ತಿದ್ದಳು. ಕಡೆಗೆ "Eighty-four! Amma, you're in by eighty-four!" ಎಂದು ಕಿರುಚಿದಾಗ ಮಹಾಶ್ವೇತಾ ಮಗಳನ್ನು ಎತ್ತಿ ತಿರುಗಿಸಿದಳು. ಹದಿನೈದು ವರ್ಷದ ಹುಡುಗಿ, ಅವಳಿಗಿಂತ ಎತ್ತರ.

ಆಮೇಲಿನದು ಒಂದು ಓಟ. ಶಾಲೆಯ ಮುಂದೆ ಜೀಬ್ರಾ ಕ್ರಾಸಿಂಗ್ ಬರೆಸಿದಳು. ಗ್ರೀಕ್ ಅಜ್ಜಂದಿರ ಇಸ್ಪೀಟು ಕ್ಲಬ್ಬಿಗೆ ಹೀಟರ್ ಹಾಕಿಸಿದಳು. ಸೀರೆಯುಟ್ಟು, ಮೇಲೊಂದು ಕೋಟು ತೊಟ್ಟು, ಎಲ್ಲಿ ಹೋದರೂ ಹೋದಲ್ಲಿ ಎರಡು ಮಾತು. ಜನ ನಗುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ಫೋರಂನ ಸಭೆಗಳಲ್ಲಿ ಮಾತ್ರ ಬೇರೆ ತರಹದ ಚಪ್ಪಾಳೆ. ಅಲ್ಲಿ ತಮಾಷೆಗೆ ಸಿಗುತ್ತಿದ್ದದ್ದಕ್ಕಿಂತ ಸಿಟ್ಟಿಗೆ ಹೆಚ್ಚು ಸಿಗುತ್ತಿತ್ತು. ನಮ್ಮನ್ನು ತುಳಿಯುತ್ತಿದ್ದಾರೆ ಎಂದರೆ ಒಂದಷ್ಟು; ಯಾರು ತುಳಿಯುತ್ತಿದ್ದಾರೆ ಎಂದು ಬೆರಳು ತೋರಿದರೆ ಅದರ ಎರಡರಷ್ಟು. ಅವಳು ಅದನ್ನು ಬೇಗ ಕಲಿತಳು. ದಿನವೂ ಫೋರಂನ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂರು ಮೆಸೇಜು ಬರುತ್ತಿದ್ದವು. ಓದುತ್ತಾ ಓದುತ್ತಾ ಅವು ಸುದ್ದಿಯೋ ಗಾಳಿಮಾತೋ ಎಂದು ಕೇಳುವುದನ್ನು ಅವಳು ಬಿಟ್ಟುಬಿಟ್ಟಳು.

2022ರ ಏಪ್ರಿಲಿನಲ್ಲಿ ದೊಡ್ಡ ಪಕ್ಷವೊಂದು ಅವಳನ್ನು ಕರೆಯಿತು. ನವೆಂಬರಿನಲ್ಲಿ ರಾಜ್ಯದ ಚುನಾವಣೆ, ಅವಳ ಭಾಗದಲ್ಲಿ ಭಾರತೀಯರ ಮತ ಹೆಚ್ಚು. ಟಿಕೆಟ್ ಕೊಟ್ಟರು! ಗುರುಶಾಂತಪ್ಪ ಹುಬ್ಬಳ್ಳಿಯಿಂದ ವಿಡಿಯೋ ಕಾಲ್ ಮಾಡಿ ಕೈ ಮುಗಿದ. "ಅಪ್ಪಾ, ಇನ್ನ ಗೆದ್ದಿಲ್ಲ" ಎಂದು ಅವಳು ನಗುತ್ತಾ ಅತ್ತಳು.

ಜೂನಿನಲ್ಲಿ ಫೋರಂನ ರಾಷ್ಟ್ರೀಯ ಸಮಾವೇಶ ಸಿಡ್ನಿಯಲ್ಲಿ. ಮುಖ್ಯ ಭಾಷಣ ಅವಳದೇ. ವಿರುಪಾಕ್ಷನ ಕಂಪನಿಯ ಆಫೀಸು ನಾರ್ತ್ ಸಿಡ್ನಿಯಲ್ಲಿತ್ತು. ತಿಂಗಳಿಗೆರಡು ಸಲ ಹೋಗುತ್ತಿದ್ದವನು ಈ ಸಲ ಹೆಂಡತಿಯ ಜೊತೆಗೇ ಹೊರಟ. ಭಾನುವಾರ ಮಧ್ಯಾಹ್ನ ಹ್ಯಾರಿಸ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ, ಜಿಲೇಬಿ ಕರಿಯುವ ವಾಸನೆಯ ನಡುವೆ ಅಂಗಡಿಗಳಿಂದ ಜನ ಹೊರಗೆ ಬಂದು ಸೆಲ್ಫಿ ಕೇಳಿದರು. ಒಬ್ಬ ಮುದುಕಿ ಅವಳ ಗಲ್ಲ ಸವರಿ ಲಟಿಕೆ ಮುರಿದಳು. ಮಹಾಶ್ವೇತಾ ನೆಲದ ಮೇಲೆ ನಡೆಯುತ್ತಿದ್ದಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಸಭಾಂಗಣದಲ್ಲಿ ಎಂಟುನೂರು ಜನ. ಪಕ್ಷದವರು ಓದಿ ಒಪ್ಪಿದ್ದ ಭಾಷಣ ಕೈಯಲ್ಲಿತ್ತು. ಎರಡು ಪುಟ ಓದಿದಳು. ಸಭೆ ಕೆಮ್ಮಿತು, ಫೋನ್ ನೋಡಿತು. ಅದನ್ನು ಅವಳಿಗೆ ತಡೆಯಲಾಗಲಿಲ್ಲ. ಕಾಗದ ಮಡಚಿ, ಇಂಗ್ಲಿಷ್ ಬಿಟ್ಟು ಹಿಂದಿ ಭಾಷೆಗೆ ಹೊರಳಿದಳು.

"ಇದು ನಮ್ಮ ಸಭೆ, ಮನಸ್ಸು ಬಿಚ್ಚಿ ಮಾತಾಡೋಣ," ಎಂದಳು. ಮೊದಲ ಚಪ್ಪಾಳೆ ಬಿತ್ತು. ರೈಲಿನ ಕತೆ ಹೇಳಿದಳು, ತಗ್ಗಿದ ತಲೆಗಳ ಕತೆ. ಸಭೆ ಉಸಿರು ಹಿಡಿದು ಕೇಳಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ದನಿ ಏರುತ್ತಿತ್ತು, ಸಭೆಯೂ ಅದರೊಡನೆ ಏರುತ್ತಿತ್ತು. "ನಿಮ್ಮ ಬೀದಿಯಲ್ಲಿ ಮನೆ ಮಾರಾಟಕ್ಕೆ ಬಂದರೆ ಯಾರಿಗೆ ಹೋಗುತ್ತದೆ ಅಂತ ನೋಡಿದ್ದೀರಾ? ಒಂದು ಮುಸಲ್ಮಾನರ ಮನೆ ಬರಲಿ, ಐದು ವರ್ಷದಲ್ಲಿ ಆ ಬೀದಿ ನಿಮ್ಮದಲ್ಲ! ಮಾರಬೇಡಿ! ಬಾಡಿಗೆಗೂ ಕೊಡಬೇಡಿ!"

ಎಂಟುನೂರು ಜನ ಎದ್ದು ನಿಂತರು. ಘೋಷಣೆಗೆ ಚಾವಣಿಯ ದೀಪಗಳೇ ನಡುಗಿದಂತಾಯಿತು. ಅವಳು ಎರಡೂ ಕೈ ಎತ್ತಿದಳು. ಅಪ್ಪನ ಹೆಗಲ ಮೇಲೆ ಕೂತ ಹುಡುಗಿಯಷ್ಟೇ ಹಗುರಾಗಿದ್ದಳು. ಮೂರನೆಯ ಸಾಲಿನಲ್ಲಿ ಒಬ್ಬನೇ ಒಬ್ಬ ಕೂತಿದ್ದ, ವಿರುಪಾಕ್ಷ. ಅವಳು ಅದನ್ನು ನೋಡಿದಳು, ಮೊಣಕಾಲು ನೋವಿರಬೇಕು ಅಂದುಕೊಂಡಳು.

ಸೋಮವಾರ ಬೆಳಿಗ್ಗೆ ಅವನ ಆಫೀಸಿನ ಲಿಫ್ಟಿನಲ್ಲಿ ಸಹೋದ್ಯೋಗಿಯೊಬ್ಬಳು ಫೋನ್ ಚಾಚಿ, "ಇವರು ನಿಮ್ಮ ಮಿಸೆಸ್ಸಾ?" ಎಂದು ಕೇಳಿದಳು. ನಲವತ್ತು ಸೆಕೆಂಡಿನ ತುಣುಕು, ಕೆಳಗೆ ಇಂಗ್ಲಿಷ್ ಅಡಿಬರಹ. ಹೋಟೆಲಿನಲ್ಲಿದ್ದ ಮಹಾಶ್ವೇತಾಳಿಗೆ ಅವನು ಫೋನ್ ಮಾಡುವಷ್ಟರಲ್ಲಿ ಪತ್ರಕರ್ತರು ಹನ್ನೊಂದು ಸಲ ಮಾಡಿ ಆಗಿತ್ತು.

ಮಧ್ಯಾಹ್ನದ ಹೊತ್ತಿಗೆ ಪಕ್ಷದ ಕಚೇರಿಯಿಂದ ವಿಡಿಯೋ ಕಾಲ್. ಹೆಂಗಸೊಬ್ಬಳು, ಮೃದುವಾದ ದನಿ, ಒಟ್ಟು ಆರು ನಿಮಿಷ. ಟಿಕೆಟ್ ವಾಪಸು. ಮಹಾಶ್ವೇತಾ ಮೋಹನದಾಸನಿಗೆ ಫೋನ್ ಹಚ್ಚಿದಳು. ಐದನೆಯ ಸಲಕ್ಕೆ ಎತ್ತಿದ.

"ಮಾತಾಡಿದ್ದು ಭಾರಿ ಲಾಯ್ಕ ಇತ್ತು. ಆದ್ರೆ ನೋಡಿ, ಪೇಪರಿನವರು ಕೇಳಿದ್ರೆ ಫೋರಂ ಹೆಸರು ಎತ್ತಬೇಡಿ, ಆಯ್ತಾ? ಅದು ನಿಮ್ಮ ವೈಯಕ್ತಿಕ ಅಭಿಪ್ರಾಯ ಅಂತ ನಾವು ಹೇಳಿ ಆಗಿದೆ."

"ಡಾಕ್ಟರೇ, ನಿನ್ನೆ ಎದ್ದು ನಿಂತು ಕೂಗಿದವರ ಪೈಕಿ ಮೊದಲನೇವ್ರು ನೀವ!"

"ಅದೆಲ್ಲ ಈಗ ಎಂತಕ್ಕೆ?" ಎಂದು ಅವನು ಫೋನ್ ಇಟ್ಟ.

ಮೆಲ್ಬರ್ನಿಗೆ ಮರಳಿದಾಗ ಅವಳಿಗೆ ಸಿಟ್ಟು ಬಿಟ್ಟರೆ ಬೇರೆ ಏನೂ ಇರಲಿಲ್ಲ. ತುಣುಕು ಕತ್ತರಿಸಿದ್ದಾರೆ, ಹಿಂದುಮುಂದು ಬಿಟ್ಟಿದ್ದಾರೆ ಎಂದು ಅಡುಗೆಮನೆಯಲ್ಲಿ ಅತ್ತಿಂದಿತ್ತ ನಡೆದಳು. ಪ್ರಣತಿ ಪೂರ್ತಿ ಭಾಷಣವನ್ನೇ ನೋಡಿದ್ದಳು.

"I watched all of it, Amma. The long one is worse."

"ನೀ ಸುಮ್ನಿರು. ನಿನಗೇನ್ ಗೊತ್ತು ಆ ಜನಾ?"

"Meharun aunty ಗೊತ್ತು," ಎಂದಳು ಮಗಳು. ಅವಳು ಕನ್ನಡದಲ್ಲಿ ಉತ್ತರ ಕೊಟ್ಟು ಎಷ್ಟೋ ದಿನಗಳಾಗಿದ್ದವು.

ಮಹಾಶ್ವೇತಾ ನಡೆಯುವುದನ್ನು ನಿಲ್ಲಿಸಿದಳು. ವಿರುಪಾಕ್ಷ ಪಾತ್ರೆ ಒರೆಸುತ್ತಿದ್ದ. "ನೀವೂ ಏನರ ಹೇಳ್ರಿ," ಎಂದಳು ಅವನಿಗೆ.

"ಎಲ್ಲಾರೂ ಎದ್ದಾಗ ನಾ ಕೂತ ಇದ್ದೆ, ನೀ ನೋಡಿದ್ಯಲ್ಲಾ," ಎಂದ ಅವನು.

ಜುಲೈ ತಿಂಗಳ ಕೌನ್ಸಿಲ್ ಸಭೆಗೆ ಎಂದೂ ಇಲ್ಲದಷ್ಟು ಜನ ಸೇರಿದ್ದರು. ಹೊರಗೆ ಎರಡು ಗುಂಪು, ನಡುವೆ ಪೊಲೀಸರು. ಒಳಗೆ ಹಿಂದಿನ ನಾಲ್ಕು ಸಾಲು ಅವಳ ಬೆಂಬಲಿಗರು. ಅವಳ ಮೇಜಿನ ಮೇಲೆ ವಕೀಲರು ಬರೆದುಕೊಟ್ಟ ಹೇಳಿಕೆ: ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ. ಅದೊಂದನ್ನು ಓದಿ ಕೂತರೆ ಮುಗಿಯಿತು ಎಂದಿದ್ದರು.

ಸಾರ್ವಜನಿಕರ ಪ್ರಶ್ನೆಗಳ ಸಮಯ ಬಂತು. ಮೇಯರ್ ಕರೆದ ಮೂರನೆಯ ಹೆಸರು, ಮೆಹರೂನ್ ನದಾಫ್. ಕೆಲಸದ ನೀಲಿ ಸಮವಸ್ತ್ರದಲ್ಲೇ ಬಂದಿದ್ದಳು. ಅವಳ ಇಂಗ್ಲಿಷ್ ಪ್ರಶ್ನೆ ಚೀಟಿಯಲ್ಲಿತ್ತು, ಒಂದೇ ಸಾಲು: ನಾನು ಈ ಸಬರ್ಬಿನಲ್ಲಿ ಮನೆ ಕೊಳ್ಳಬಹುದೇ, ಕೂಡದೇ, ಕೌನ್ಸಿಲರ್ ಹಿರೇಮಠ ಹೇಳಬೇಕು.

ಮಹಾಶ್ವೇತಾ ಎದ್ದಳು. ಹೇಳಿಕೆ ಕೈಯಲ್ಲಿತ್ತು. ಓದಲು ಬಾಯಿ ತೆರೆದಳು. 'ಆಗಿದ್ದರೆ' ಎಂಬ ಪದಕ್ಕೆ ಬಂದು ಓದುವುದನ್ನು ನಿಲ್ಲಿಸಿದಳು. ನೋವಾದವಳು ಹತ್ತು ಅಡಿ ದೂರದಲ್ಲಿ ನಿಂತಿದ್ದಾಳೆ, ಇನ್ನೆಂಥ ಆಗಿದ್ದರೆ?

"ಕೊಳ್ಳಬಹುದು," ಎಂದಳು ಇಂಗ್ಲಿಷಿನಲ್ಲಿ. "ನಾನು ಹೇಳಿದ್ದು ತಪ್ಪು. ಯಾರೂ ಕತ್ತರಿಸಿಲ್ಲ, ನಾನೇ ಹೇಳಿದ್ದು. ಚಪ್ಪಾಳೆ ಬೇಕಿತ್ತು, ಅದಕ್ಕೆ ಹೇಳಿದೆ. ಆಗ ನನಗೆ ನಿಮ್ಮ ನೆನಪಾಗಲಿಲ್ಲ."

ಮೆಹರೂನ್‌ಳ ಮುಖ ಕೆಂಪಾಯಿತು. ಚೀಟಿ ಬಿಟ್ಟಳು, ಇಂಗ್ಲಿಷನ್ನೂ ಬಿಟ್ಟಳು. "ನೆನಪಾಗಲಿಲ್ಲ ಅಂದ್ರ ಹೆಂಗ್ರಿ ಮೇಡಂ? ನನ್ನ ಗಂಡ ಆ ವಿಡಿಯೋ ತೋರ್ಸಿದಾಗ ನಾ ಹೇಳ್ದೆ, ಇದು ನಮ್ಮ ಮೇಡಂ ದನಿ ಅಲ್ಲ ಅಂತ. ಮೂರ್ ಸಲ ಕೇಳಿಸ್ಕೊಂಡೆ. ನಿಮ್ದ ಇತ್ತು!"

ಮೇಯರ್ ಗಂಟೆ ಬಾರಿಸಿ, ದಯವಿಟ್ಟು ಇಂಗ್ಲಿಷಿನಲ್ಲಿ ಮಾತಾಡಿ ಎಂದ. ಮೆಹರೂನ್ ಅವನ ಕಡೆ ತಿರುಗಿ, "ನನ್ನ ಪ್ರಶ್ನೆ ಮುಗಿಯಿತು" ಎಂದು ಇಂಗ್ಲಿಷಿನಲ್ಲಿ ಹೇಳಿ ನಡೆದೇಬಿಟ್ಟಳು.

ಅಷ್ಟರಲ್ಲಿ ಹಿಂದಿನ ನಾಲ್ಕು ಸಾಲುಗಳಲ್ಲಿ ಗದ್ದಲ ಎದ್ದಿತ್ತು. "ಕ್ಷಮೆ ಯಾಕೆ ಕೇಳಿದ್ರಿ?" "ಹೆದರಿಬಿಟ್ಟಳು!" "ದ್ರೋಹಿ!" ಎರಡು ವರ್ಷ ಅವಳಿಗಾಗಿ ಚಪ್ಪಾಳೆ ತಟ್ಟಿದ ಕೈಗಳು ಈಗ ಅವಳ ಕಡೆಗೇ ಬೆರಳು ಚಾಚುತ್ತಿದ್ದವು. ಮಹಾಶ್ವೇತಾ ಕೂರಲಿಲ್ಲ, ನಿಂತೇ ಇದ್ದಳು. ತನಗಾಗುತ್ತಿರುವುದು ಹೆದರಿಕೆಯೋ ನಾಚಿಕೆಯೋ ತಿಳಿಯಲಿಲ್ಲ. ಆದರೆ ತಲೆ ತಗ್ಗಿಸಲಿಲ್ಲ. ಮನೆ ಸೇರುವಷ್ಟರಲ್ಲಿ ಫೋರಂನ ಗ್ರೂಪಿನಿಂದ ಅವಳನ್ನು ತೆಗೆದುಹಾಕಿದ್ದರು. ಹುಬ್ಬಳ್ಳಿಯಿಂದ ಅಪ್ಪ ಎರಡು ತಿಂಗಳು ಫೋನ್ ಎತ್ತಲಿಲ್ಲ. ಕೊನೆಗೆ ಎತ್ತಿದಾಗ, "ಮಾತಿಗೆ ತಪ್ಪಿದಿ ಅವ್ವಾ" ಎಂದ. "ಆ ಮಾತೇ ತಪ್ಪಾಗಿತ್ತಪ್ಪಾ" ಎಂದಳು. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ.

ಅವಳ ಭಾಷಣವನ್ನು ಖಂಡಿಸಿದ್ದ ಆಚೆಯ ಗುಂಪಿನವರೂ ಅವಳನ್ನು ನಂಬಲಿಲ್ಲ. ಸಿಕ್ಕಿಬಿದ್ದ ಮೇಲೆ ಕೇಳಿದ ಕ್ಷಮೆ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ರಾಜೀನಾಮೆ ಕೊಡು ಎಂದು ಎರಡೂ ಕಡೆಯವರು ಹೇಳಿದರು. ಎರಡೂ ಗುಂಪು ಒಟ್ಟಿಗೆ ಒಪ್ಪಿದ್ದು ಅದೊಂದನ್ನೇ. ಅವಳು ಕೊಡಲಿಲ್ಲ. ಉಳಿದ ಎರಡು ವರ್ಷ ಪ್ರತಿ ಸಭೆಗೂ ಹೋಗಿ, ಯಾರೂ ಮಾತಾಡಿಸದ ಮೂಲೆಯ ಕುರ್ಚಿಯಲ್ಲಿ ಕೂತು, ಚರಂಡಿ, ಕಸದ ಡಬ್ಬಿ, ಮರಗಳ ಕಡತ ಓದಿ ಮತ ಹಾಕಿದಳು. ಡ್ರೈವಿಂಗ್ ಕ್ಲಾಸಿಗೆ ಬರುವವರು ಅರ್ಧಕ್ಕಿಳಿದರು. ಬಂದವರಿಗೆ ಕಲಿಸಿದಳು. ಮೆಹರೂನ್ ಗ್ಲೆನ್ ವೇವರ್ಲಿಯ ಸೂಪರ್ ಮಾರ್ಕೆಟಿನಲ್ಲಿ ಒಮ್ಮೆ ಎದುರಾದಳು. "ಅರಾಮಿದ್ದೀರೇನ್ರಿ?" ಎಂದಳು. "ಹೌದ್ವಾ" ಎಂದಳು ಇವಳು. ಮುಂದೆ ಏನೋ ಹೇಳಲು ಹೊರಟಾಗ ಮೆಹರೂನ್ ಗಾಡಿ ತಳ್ಳಿಕೊಂಡು ಹೋಗಿಯಾಗಿತ್ತು.

ಹಣೆಯ ಕುಂಕುಮ ಹಾಗೇ ಇತ್ತು. ದೇವಸ್ಥಾನಕ್ಕೆ ಹೋಗುವುದನ್ನೂ, ನಾನು ಹಿಂದೂ ಎಂದು ಗಟ್ಟಿಯಾಗಿ ಹೇಳುವುದನ್ನೂ ಬಿಡಲಿಲ್ಲ. ವಾಟ್ಸಾಪಿನಲ್ಲಿ ಏನಾದರೂ ಬಂದರೆ ಮಾತ್ರ, "ಇದು ಎಲ್ಲಿಂದ ಬಂತ್ರಿ?" ಎಂದು ಕೇಳುವುದು ಕಲಿತಳು. ಇದರಿಂದಾಗಿ ಉಳಿದ ಗ್ರೂಪುಗಳಲ್ಲೂ ಅವಳು ಯಾರಿಗೂ ಬೇಡವಾದಳು.

2024ರ ಅಕ್ಟೋಬರಿನಲ್ಲಿ ಮತ್ತೆ ಚುನಾವಣೆ. ಅವಳು ಮತ್ತೆ ನಿಂತಳು! ವಿರುಪಾಕ್ಷ, "ಯಾಕ?" ಎಂದು ಕೇಳಿದ. "ಸೋಲಬೇಕಂದ್ರೂ ನಿಲ್ಲಬೇಕಲ್ರಿ," ಎಂದಳು. ಫೋರಂ ಇಲ್ಲ, ಪಕ್ಷ ಇಲ್ಲ, ಮೆಹರೂನ್ ಇಲ್ಲ. ಮೂವತ್ತೆಂಟು ಬೀದಿಗಳಿಗೆ ತಾನೇ ಕರಪತ್ರ ಹಾಕಿದಳು, ಬಾಗಿಲು ತಟ್ಟಿದಳು. ಕೆಲವರು ಮುಖಕ್ಕೇ ಬಾಗಿಲು ಮುಚ್ಚಿದರು. ಕೆಲವರು ಆ ವಿಡಿಯೋ ಬಗ್ಗೆ ಕೇಳಿದರು. ನಿಂತು ಉತ್ತರ ಕೊಟ್ಟಳು. ಒಂದು ಮನೆಯ ಮೆಟ್ಟಿಲ ಮೇಲೆ ಲೆಬನಾನಿನ ಅಜ್ಜನೊಬ್ಬ ಮುಕ್ಕಾಲು ಗಂಟೆ ಬೈದು, ಕೊನೆಗೆ ನೀರು ತಂದುಕೊಟ್ಟ. ಸಂಜೆ ಮನೆಗೆ ಬಂದು ಆ ಬೈಗಳನ್ನು ಅಭಿನಯಿಸಿ ತೋರಿಸುವಾಗ ಅವಳ ಕಣ್ಣುಗಳು ಹೊಳೆಯುತ್ತಿದ್ದವು.

ಎಣಿಕೆಯ ದಿನ ಮೂವರೂ ಮತ್ತೆ ಲ್ಯಾಪ್‌ಟಾಪಿನ ಮುಂದೆ. ಒಂಬತ್ತು ಅಭ್ಯರ್ಥಿಗಳಲ್ಲಿ ಅವಳು ಏಳನೆಯವಳು. ಆರುನೂರ ಹನ್ನೊಂದು ಮತ.

"ಆರ್‌ನೂರಾ?" ಎಂದು ಹುಬ್ಬೇರಿಸಿದಳು ಮಹಾಶ್ವೇತಾ. "ಅಷ್ಟ್ ಮಂದಿ ಯಾರ್ರಿ ಇವರು?"

ಪ್ರಣತಿ ಆಗ ಯೂನಿವರ್ಸಿಟಿಯ ಎರಡನೆಯ ವರ್ಷದಲ್ಲಿದ್ದಳು. ಕೌನ್ಸಿಲಿಗೆ ಅವಳು ಹಾಕಿದ ಮೊದಲ ಮತ ಅದು. ಲ್ಯಾಪ್‌ಟಾಪ್ ಮುಚ್ಚಿ, "Amma, I have to tell you. I didn't put you first," ಎಂದಳು.

"ಎಷ್ಟನೇ ನಂಬರ್ ಹಾಕಿದಿ?"

"Three."

ಮಹಾಶ್ವೇತಾ ಮಗಳನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು. ವಿರುಪಾಕ್ಷನಿಗೂ ನಗು ಬಂತು.

"ಮೂರಾ! ನಾ ಒಂಬತ್ತು ಅಂತ ತಿಳಕೊಂಡಿದ್ದೆ," ಎಂದಳು. "ಒಂದು, ಎರಡು ಯಾರ್ ಹೇಳು. ನಾಳೆ ಹೋಗಿ ಅವರಿಗೆ ಕಂಗ್ರಾಜುಲೇಶನ್ಸ್ ಹೇಳಿ ಬರ್ತೀನಿ."

ಮರುದಿನ ನಿಜಕ್ಕೂ ಹೋಗಿ ಹೇಳಿ ಬಂದಳು.